ಸ್ಟೇಡಿಯಂ ನಿಂತಿತು, ಅಂಗಳ ಇಳಿಯಿತು

ನನ್ನ ಹಳೆಯ ಫೀಲ್ಡ್ ಬುಕ್ಕಿನ ಮೊದಲ ಪುಟದಲ್ಲಿ ಒಂದು ಸೊನ್ನೆ ಇದೆ. ಅದರ ಕೆಳಗೆ ಇನ್ನೊಂದು ಸೊನ್ನೆ. ಆಮೇಲೆ ಒಂದು. ಮತ್ತೆ ಸೊನ್ನೆ.

ಅದು ಮಣ್ಣಿನ ಪರೀಕ್ಷೆಯ ಲೆಕ್ಕ. ಬೋರ್ ಹಾಕಿದ ಗುಂಡಿಯೊಳಗೆ ಕಬ್ಬಿಣದ ಕೊಳವೆ ಇಳಿಸುತ್ತಾರೆ. ಮೇಲಿನಿಂದ 63.5 ಕೆ.ಜಿ. ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಡುತ್ತಾರೆ. ಮೊದಲ 15 ಸೆಂಟಿಮೀಟರ್ ಲೆಕ್ಕಕ್ಕಿಲ್ಲ. ಆಮೇಲಿನ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೋ ಅದೇ ಎನ್ ವ್ಯಾಲ್ಯೂ. ಗಟ್ಟಿ ಮೊರಂನಲ್ಲಿ, ಅಂದರೆ ಗರಸು ಮಣ್ಣಿನಲ್ಲಿ, ಐವತ್ತು ದಾಟುತ್ತದೆ. ಇಲ್ಲಿ ಸುತ್ತಿಗೆ ಎತ್ತುವ ಮೊದಲೇ ರಾಡು ತನ್ನ ಭಾರಕ್ಕೆ ತಾನೇ ಇಳಿದುಹೋಯಿತು. ಬೋರಿಂಗ್ ಹುಡುಗರು ನನ್ನ ಮುಖ ನೋಡಿದರು. ನಾನು ಸೊನ್ನೆ ಬರೆದೆ.

ಜಾಗ ನವಿ ಮುಂಬೈ ಕಡೆಯ ಒಂದು ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಂಡೆ. ಕಟ್ಟಬೇಕಿದ್ದದ್ದು ಮೂವತ್ತು ಸಾವಿರ ಜನ ಕೂರುವ ಸ್ಟೇಡಿಯಂ. ಹೆಸರು ಹೇಳುವುದಿಲ್ಲ, ಕೆಲಸಕ್ಕೆ ಸೇರುವಾಗ ಹಾಗಂತ ಸಹಿ ಹಾಕಿದ್ದೇನೆ. ನೆರೂಳಿನ ಡಿ.ವೈ. ಪಾಟೀಲ್ ಸ್ಟೇಡಿಯಂ ಅಲ್ಲ ಅಂತ ಮಾತ್ರ ಹೇಳಬಲ್ಲೆ. ಅದು 2008ರಲ್ಲೇ ಸಿದ್ಧವಾಗಿತ್ತು, ಮೊದಲ ಐಪಿಎಲ್ ಫೈನಲ್ ಆಗಿದ್ದೂ ಅಲ್ಲೇ. ಆಗ ನಾನು ದಾವಣಗೆರೆಯಲ್ಲಿ ಪಿಯುಸಿ ಓದುತ್ತಾ ಟಿವಿಯಲ್ಲಿ ನೋಡಿದ್ದೆ.

ನಿಜ ಹೇಳಬೇಕೆಂದರೆ ನಾನು ಮುಂಬೈಗೆ ಬಂದದ್ದು ಛಾವಣಿಗಾಗಿ. ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಿದವರಿಗೆ ಸ್ಟೇಡಿಯಂ ಎಂದರೆ ಛಾವಣಿ, ಅಲ್ವಾ? ನೋಡುವವರ ಕಣ್ಣಿಗೆ ಒಂದು ಕಂಬವೂ ಅಡ್ಡ ಬಾರದ ಹಾಗೆ ಮುಂದಕ್ಕೆ ಚಾಚಿದ ಉಕ್ಕಿನ ರೆಕ್ಕೆ. ಅಮ್ಮನಿಗೂ ಹಾಗೇ ಹೇಳಿ ಬಂದಿದ್ದೆ. ಪ್ರತಿ ಭಾನುವಾರ ಫೋನ್ ಮಾಡಿ ಕೇಳುತ್ತಿದ್ದರು: "ಎಲ್ಲೀತನಕ ಬಂತೇ ನಿನ್ನ ಸ್ಟೇಡಿಯಂ?"

"ಇನ್ನೂ ನೆಲದೊಳಗೇ ಇದೆ ಅಮ್ಮ."

ಒಂದು ವರ್ಷ ಪೂರ್ತಿ ಅದೇ ಉತ್ತರ.

ನಮ್ಮ ಬಾಸ್ ಮಂಗಳೂರು ಮೂಲದವರು, ಹುಟ್ಟಿ ಬೆಳೆದದ್ದು ಮಾಟುಂಗಾ. ಆಫೀಸಿನಲ್ಲಿ ಎಲ್ಲರ ಜೊತೆ ಇಂಗ್ಲಿಷ್, ಸಿಟ್ಟು ಬಂದರೆ ಮರಾಠಿ, ನನ್ನ ಜೊತೆ ಕನ್ನಡ. ಆ ಸೊನ್ನೆಗಳ ಪುಟ ತೋರಿಸಿದಾಗ ಅವರಿಗೆ ಏನೂ ಅನ್ನಿಸಲಿಲ್ಲ. "ನೋಡು ಮಾರಾಯ್ತಿ, ಸ್ಟೇಡಿಯಂ ಬಗ್ಗೆ ನೀನು ಹೆದರುದು ಬೇಡ. ಅದಕ್ಕೆ ಪೈಲ್ ಉಂಟು, ಅದು ಕಲ್ಲಿನ ಮೇಲೆ ನಿಲ್ತದೆ. ಕಲ್ಲಿಗೆ ಮುಟ್ಟದೆ ಇರುದು ಏನೆಲ್ಲ ಉಂಟು, ಅದರ ಪಟ್ಟಿ ಮಾಡಿ ತಾ" ಎಂದರು.

ಪೈಲ್ ಎಂದರೆ ನೆಲದೊಳಗೆ ಕಲ್ಲಿನ ತನಕ ಇಳಿಸುವ ಕಾಂಕ್ರೀಟ್ ಕಂಬ. ಪಟ್ಟಿ ಮಾಡಿದೆ. ಆಟದ ಮೈದಾನ. ಅದರ ಕೆಳಗಿನ ಚರಂಡಿ ಪೈಪುಗಳು. ಗೇಟಿನ ಮುಂದಿನ ಅಂಗಳ. ಆಂಬುಲೆನ್ಸ್, ಅಗ್ನಿಶಾಮಕ ಗಾಡಿ ಸುತ್ತುವ ರಸ್ತೆ. ನೀರಿನ ಪೈಪು, ಕೊಳಚೆ ಪೈಪು, ಕೇಬಲ್ ಹೋಗುವ ಕಾಲುವೆ. ಬರೆಯುತ್ತಾ ಹೋದಂತೆ ನಗು ಬಂತು. ಜನ ನಡೆಯುವ, ಆಡುವ, ಗಾಡಿ ಓಡಿಸುವ ಮುಕ್ಕಾಲು ಪಾಲು ಜಾಗ ಕಲ್ಲಿಗೆ ಮುಟ್ಟುವುದೇ ಇಲ್ಲ. ಆ ಪಟ್ಟಿಯನ್ನು ನನ್ನ ತಲೆಗೇ ಕಟ್ಟಿದರು. ಛಾವಣಿ ಇನ್ನೊಬ್ಬರಿಗೆ ಹೋಯಿತು.

ಈ ಮಣ್ಣಿನ ಬಗ್ಗೆ ಸ್ವಲ್ಪ ಹೇಳಬೇಕು. ಮೇಲೆ ಒಂದೂವರೆ ಎರಡು ಮೀಟರ್ ಯಾವಾಗಲೋ ತಂದು ಸುರಿದ ಮೊರಂ. ಅದರ ಕೆಳಗೆ ರಸ್ತೆ ಬದಿಯಲ್ಲಿ 7 ಮೀಟರ್, ಖಾಡಿ ಬದಿಯಲ್ಲಿ 14 ಮೀಟರ್ ಕಡಲ ಜೇಡಿ. ಬೂದು ಬಣ್ಣ, ಒದ್ದೆ ಇದ್ದಾಗ ಕಪ್ಪು. ತೆಗೆದರೆ ಕೊಳೆತ ಮೊಟ್ಟೆಯ ವಾಸನೆ, ನಡುವೆ ಚಿಪ್ಪಿನ ಚೂರು. ನೂರು ಗ್ರಾಂ ಒಣ ಮಣ್ಣಿಗೆ ಎಂಬತ್ತು ತೊಂಬತ್ತು ಗ್ರಾಂ ನೀರು. ಜೇಡಿಯ ಕೆಳಗೆ ಹಳದಿ ಗಟ್ಟಿ ಮಣ್ಣು, ಆಮೇಲೆ ಶಿಥಿಲವಾದ ಕಲ್ಲು, ಕೊನೆಗೆ ದಖನ್ನಿನ ಕರಿಕಲ್ಲು. ಕಲ್ಲಿನ ವಯಸ್ಸು ಆರೂವರೆ ಕೋಟಿ ವರ್ಷ. ಅದರ ಮೇಲಿನ ಜೇಡಿ ಕೆಲವು ಸಾವಿರ ವರ್ಷದ್ದು, ಎಳೆಗೂಸು.

ನಾನು ಎರೆಮಣ್ಣಿನ ಊರಿನವಳು. ನಮ್ಮ ಕಡೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಗೋಡೆ ಸೀಳುತ್ತದೆ. ಅದು ಮುಂಗೋಪಿ ಮಣ್ಣು. ಈ ಜೇಡಿ ಹಾಗಲ್ಲ. ಭಾರ ಹಾಕಿದರೆ ಸುಮ್ನೆ ಹೊತ್ತುಕೊಳ್ಳುತ್ತದೆ. ಆಮೇಲೆ ಮೂವತ್ತು ವರ್ಷ ನಿಧಾನವಾಗಿ ಇಳಿಯುತ್ತಾ ಇರುತ್ತದೆ.

ಅದರ ಶಕ್ತಿ ಎಷ್ಟೆಂದು ನೋಡಲು ವೇನ್ ಶಿಯರ್ ಎಂಬ ಪರೀಕ್ಷೆ ಇದೆ. ನಾಲ್ಕು ರೆಕ್ಕೆಯ ಬ್ಲೇಡನ್ನು ಮಣ್ಣಿಗೆ ಚುಚ್ಚಿ ತಿರುಗಿಸುವುದು. ಎಷ್ಟು ತಿರುಚಿದಾಗ ಮಣ್ಣು ಹರಿಯುತ್ತದೋ ಅದು ಅದರ ಬಲ. ನಮಗೆ ಸಿಕ್ಕಿದ್ದು ಚದರ ಮೀಟರಿಗೆ ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ. ಅದರ ಸುಮಾರು ಐದು ಪಟ್ಟು ಭಾರ ಬಿದ್ದರೆ ನೆಲ ಬದಿಗೆ ಜಾರುತ್ತದೆ. ಐದೂವರೆ ಟನ್ ಎಂದರೆ ಏನು ಮಹಾ? ಮೂರು ಮೀಟರ್ ಎತ್ತರದ ಮಣ್ಣಿನ ಗುಡ್ಡೆ, ಅಷ್ಟೇ. ಈ ಲೆಕ್ಕ ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಂಡಿದ್ದೆ, ಆದರೆ ಎಲ್ಲೂ ಬರೆದಿಡಲಿಲ್ಲ.

ಪೈಲಿಂಗ್ ಶುರುವಾಯಿತು. ಏಳುನೂರಕ್ಕೂ ಮೇಲೆ ಪೈಲುಗಳು, ಹೆಚ್ಚಿನವು ಒಂದು ಮೀಟರ್ ದಪ್ಪದವು. ಒಂದೊಂದೂ 350 ಟನ್ ಹೊರಬೇಕು. ಮೊದಲು ಜೇಡಿ ಕುಸಿಯದಂತೆ ಉಕ್ಕಿನ ಲೈನರ್ ಇಳಿಸುವುದು. ಒಳಗಿನ ಮಣ್ಣನ್ನು ಬಕೆಟ್‌ನಿಂದ ತೆಗೆಯುವುದು. ಕಲ್ಲು ಸಿಕ್ಕ ಮೇಲೆ ಕೊರೆದು, ಒಳಗೆ ಪೈಲಿನ ಬುಡ ಕೂರುವ ಕುಳಿ, ಅಂದರೆ ಸಾಕೆಟ್, ಮಾಡುವುದು. ಕಂಬಿಯ ಕೇಜ್ ಇಳಿಸಿ, ಟ್ರೆಮಿ ಪೈಪಿನಲ್ಲಿ ತಳದಿಂದ ಮೇಲಕ್ಕೆ ಕಾಂಕ್ರೀಟ್ ತುಂಬುವುದು. ನೀರೊಳಗೇ ನಡೆಯುವ ಕೆಲಸ ಇದು, ಪೈಪಿನ ಬಾಯಿ ಯಾವಾಗಲೂ ಕಾಂಕ್ರೀಟಿನೊಳಗೇ ಮುಳುಗಿರಬೇಕು. ಒಮ್ಮೆ ಹೊರಗೆ ಬಂದರೆ ಆ ಪೈಲಿನ ಕಥೆ ಮುಗಿದಂತೆ. ಕಾಂಕ್ರೀಟ್ ಗಾಡಿಗಳು ಸಯನ್–ಪನ್ವೇಲ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ನಮಗೆ ಎದೆ ಢವಢವ. ಹಾಗಾಗಿ ಕಾಂಕ್ರೀಟ್ ಹಾಕುತ್ತಿದ್ದದ್ದು ಹೆಚ್ಚಾಗಿ ರಾತ್ರಿ.

ಮೂರನೇ ರಿಗ್, ಅಂದರೆ ಕೊರೆಯುವ ಯಂತ್ರ, ನಡೆಸುತ್ತಿದ್ದವರು ವಿಜಯಪುರ ಜಿಲ್ಲೆ ಇಂಡಿ ತಾಲೂಕಿನವರು. ಸೈಟಿನಲ್ಲಿ ಎಲ್ಲರಿಗೂ ಅವರು ಕಾಕಾ. ತ್ರಿಪಾಯಿ ಕಟ್ಟಿ, ವಿಂಚಿನಿಂದ ಚಿಸೆಲ್ ಎತ್ತಿ ಬಿಡುವ ಕಾಲದಿಂದ ಈ ಕೆಲಸದಲ್ಲಿದ್ದವರು. ಈಗ ಎಸಿ ಕ್ಯಾಬಿನ್ನಿನಲ್ಲಿ ಕೂತಿದ್ದರೂ ಬಾಗಿಲು ತೆರೆದಿಟ್ಟುಕೊಂಡೇ ಓಡಿಸುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, "ಬಾಗಲಾ ಹಾಕಿದ್ರ ನೆಲದ ಆವಾಜ್ ಕೇಳೂದಿಲ್ರಿ ಅಕ್ಕಾರ" ಎಂದಿದ್ದರು.

ಆ ಆವಾಜಿನ ಬೆಲೆ ಒಂದು ರಾತ್ರಿ ಗೊತ್ತಾಯಿತು. ಖಾಡಿ ಬದಿಯ ಒಂದು ಪೈಲು. ಹತ್ತಿರದ ಬೋರ್ ವರದಿಯ ಪ್ರಕಾರ ಕಲ್ಲು 16 ಮೀಟರಿನಲ್ಲಿ ಸಿಗಬೇಕು. 15.2ರಲ್ಲೇ ಟೂಲ್ ಕುಣಿಯತೊಡಗಿತು. ಗಟ್ಟಿ. ಹಲ್ಲುಗಳಿಂದ ಕಿಡಿ ಬಂದಂಥ ಸದ್ದು. ಮೇಲ್ವಿಚಾರಣೆಯ ಹುಡುಗ ಖುಷಿಯಾಗಿ "ರಾಕ್" ಎಂದು ಬರೆದುಕೊಂಡ. ಸಾಕೆಟ್ಟಿನ ಲೆಕ್ಕ ಅಲ್ಲಿಂದಲೇ ಹಿಡಿದರೆ ಬೆಳಗಿನೊಳಗೆ ಕಾಂಕ್ರೀಟ್ ಮುಗಿಯುತ್ತದೆ. ನನಗೂ ನಿದ್ದೆ ಎಳೆಯುತ್ತಿತ್ತು. ಒಪ್ಪಿಬಿಡುತ್ತಿದ್ದೆನೇನೋ.

ಕಾಕಾ ಇಂಜಿನ್ ತಗ್ಗಿಸಿ ಕೆಳಗಿಳಿದು ಬಂದರು. "ಅಕ್ಕಾರ, ಇದು ಕಲ್ಲಲ್ರಿ. ಗುಂಡೈತಿ."

"ಹೆಂಗೆ ಹೇಳ್ತೀರಿ ಕಾಕಾ?"

"ಕಲ್ಲ ಆದ್ರ ಸಪ್ಪಳ ಕೆಳಗ ಹೋಗ್ತೈತ್ರಿ. ಇದು ಹೊಳ್ಳಿ ಮ್ಯಾಲ ಬರಾಕತ್ತೈತಿ."

ಇದನ್ನು ಯಾವ ರಿಪೋರ್ಟಿನಲ್ಲಿ ಬರೆಯುವುದು? ಆದರೂ ಇನ್ನೊಂದು ಮೀಟರ್ ಕೊರೆಯಿರಿ ಎಂದೆ. ಎಪ್ಪತ್ತು ಸೆಂಟಿಮೀಟರ್ ಆದ ಮೇಲೆ ಟೂಲ್ ಧಡಕ್ಕನೆ ಇಳಿಯಿತು. ಬಕೆಟ್ಟಿನಲ್ಲಿ ಬಂದದ್ದು ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಹಳದಿ ಕಲ್ಲು. ನಿಜವಾದ ಕರಿಕಲ್ಲು ಸಿಕ್ಕಿದ್ದು 19 ಮೀಟರಿನಲ್ಲಿ. ಅಷ್ಟು ಹೊತ್ತಿಗೆ ಬೆಳಗಿನ ಐದೂವರೆ. ಆ ಬಿಡಿ ಬಂಡೆಗುಂಡಿನ ಮೇಲೆ ಪೈಲ್ ನಿಲ್ಲಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿಕೊಂಡೇ ಚಹಾ ಕುಡಿದೆ. ಮರುದಿನದಿಂದ ಖಾಡಿ ಬದಿಯಲ್ಲಿ ಪ್ರತಿ ಪೈಲ್ ಗುಂಪಿಗೂ ಒಂದೊಂದು ಬೋರ್ ಹಾಕಿಸಬೇಕೆಂದು ಪತ್ರ ಬರೆದೆವು. ಹಣ ಜಾಸ್ತಿ ಆಯಿತೆಂದು ಗೊಣಗಾಟವೂ ಆಯಿತು.

ಪೈಲಿನ ಲೆಕ್ಕದಲ್ಲಿ ಕಾಲೇಜಿನಲ್ಲಿ ನನಗೆ ನಂಬಿಕೆಯೇ ಬಾರದಿದ್ದ ಒಂದು ವಿಷಯ ಇದೆ. ಸಾಮಾನ್ಯವಾಗಿ ಸುತ್ತಲಿನ ಮಣ್ಣು ಪೈಲನ್ನು ಹಿಡಿದುಕೊಂಡು ಸಹಾಯ ಮಾಡುತ್ತದೆ. ಆದರೆ ಮಣ್ಣೇ ಇಳಿಯುತ್ತಿದ್ದರೆ? ಆಗ ಅದು ಮುಳುಗುವವನು ಪಕ್ಕದವನ ಕೊರಳು ಹಿಡಿದ ಹಾಗೆ ಪೈಲನ್ನೇ ಕೆಳಕ್ಕೆ ಎಳೆಯುತ್ತದೆ. ನಮ್ಮಲ್ಲಿ ಜೇಡಿ 12 ಮೀಟರ್ ಎಂದಿಟ್ಟುಕೊಂಡರೆ, ಪೈಲಿನ ಸುತ್ತಳತೆ 3.14 ಮೀಟರ್, ಚದರ ಮೀಟರಿಗೆ 1.2 ಟನ್ ಹಿಡಿತ. ಗುಣಿಸಿದರೆ 45 ಟನ್. ಒಬ್ಬ ಪ್ರೇಕ್ಷಕನೂ ಬರುವ ಮೊದಲೇ ಪ್ರತಿ ಪೈಲಿನ ಮೇಲೆ 45 ಟನ್ ಬಿಟ್ಟಿ ಭಾರ.

ಇನ್ನು ಛಾವಣಿಯ ಕೆಳಗಿನ ಪೈಲುಗಳ ಕಷ್ಟ ಬೇರೆ. ಹಳ್ಳಿಯಲ್ಲಿ ಏತ ನೋಡಿದವರಿಗೆ ಇದು ಸುಲಭ. ಮುಂದೆ ಚಾಚಿದ ಛಾವಣಿ ಏತದ ಒಂದು ತುದಿ, ನಡುವಿನ ಕಂಬವೇ ಕಟ್ಟೆ, ಹಿಂದಿನ ಕಂಬ ಇನ್ನೊಂದು ತುದಿ. ಮುಂದಿನ ತುದಿ ತಗ್ಗಿದರೆ ಹಿಂದಿನದು ಮೇಲೇಳುತ್ತದೆ. ಹಾಗಾಗಿ ಹಿಂದಿನ ಸಾಲಿನ ಪೈಲುಗಳಿಗೆ ಭಾರ ಹೊರುವುದಕ್ಕಿಂತ ಕಿತ್ತು ಬರದಂತೆ ಕಲ್ಲನ್ನು ಕಚ್ಚಿ ಹಿಡಿಯುವುದೇ ಕೆಲಸ. ಗಾಳಿ ಬೀಸಿದಾಗ ಲೆಕ್ಕ ಮತ್ತೆ ತಿರುಗಾಮುರುಗಾ. ಮುಂಬೈಗೆ ನಮ್ಮ ದೇಶದ ಕಟ್ಟಡ ನಿಯಮ, ಐಎಸ್ ಕೋಡು, ಸೆಕೆಂಡಿಗೆ 44 ಮೀಟರ್ ಗಾಳಿ ಹಿಡಿಯಲು ಹೇಳುತ್ತದೆ. ಅಂದರೆ ಗಂಟೆಗೆ ಸುಮಾರು 158 ಕಿಲೋಮೀಟರ್. ಛಾವಣಿ ಡಿಸೈನ್ ಮಾಡುತ್ತಿದ್ದ ಗೆಳತಿ ಊಟಕ್ಕೆ ಕೂತಾಗೆಲ್ಲ "ನಿನ್ನ ಪೈಲು ಗಟ್ಟಿ ತಾನೆ?" ಎಂದು ಕೇಳುತ್ತಿದ್ದಳು.

ಜನವರಿಯ ಒಂದು ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಕಾಕಾ ಫೋನ್ ಮಾಡಿದರು. "ಅಕ್ಕಾರ, ಲಗೂನ ಬರ್ರಿ. ಪೈಲ್ ನಡದಾವ್ರಿ."

ಅರ್ಥವಾಗಲಿಲ್ಲ. ಹೋಗಿ ನೋಡಿದ ಮೇಲೆ ಆಯಿತು.

ರಸ್ತೆಯ ಎದುರು ಬದಿಯಲ್ಲಿ ಪೈಲ್ ಕ್ಯಾಪ್‌ಗಾಗಿ, ಅಂದರೆ ಪೈಲ್ ತಲೆಗಳನ್ನು ಸೇರಿಸುವ ಕಾಂಕ್ರೀಟ್ ದಿಮ್ಮಿಗಾಗಿ, ಎರಡೂವರೆ ಮೀಟರ್ ಆಳದ ಗುಂಡಿ ತೋಡುತ್ತಿದ್ದರು. ಅಂದರೆ ಮೇಲಿನ ಗಟ್ಟಿ ಮೊರಂ ಪದರವೆಲ್ಲ ಹೋಗಿ, ಜೇಡಿ ಬಾಯಿ ತೆರೆದು ಕೂತಿತ್ತು. ಮಣ್ಣಿನ ಕೆಲಸದ ಗುತ್ತಿಗೆದಾರನಿಗೆ ಆ ರಾತ್ರಿ ಡಂಪರ್ ಸಿಕ್ಕಿರಲಿಲ್ಲ. ತೆಗೆದ ಮಣ್ಣನ್ನು ಗುಂಡಿಯ ಪಕ್ಕದಲ್ಲೇ, ಪೈಲ್ ಸಾಲಿನ ಹಿಂದೆ, ಗುಡ್ಡೆ ಹಾಕಿದ್ದ. ಎತ್ತರ ಸುಮಾರು ಮೂರು ಮೀಟರ್. ರಾತ್ರಿಯಲ್ಲಿ ಗುಡ್ಡೆ ತಳದಲ್ಲಿ ಕೂತಿತು, ಜೇಡಿ ಗುಂಡಿಯ ಕಡೆಗೆ ಉಬ್ಬಿತು, ನಡುವೆ ನಿಂತಿದ್ದ ಪೈಲುಗಳನ್ನು ತಳ್ಳಿಕೊಂಡು ಹೋಯಿತು. ನೆಲದ ಮೇಲೆ ಬಿಲ್ಲಿನಂತೆ ಬಾಗಿದ ಬಿರುಕು. ಸಾಲಾಗಿ ನಿಂತಿರಬೇಕಾದ ಪೈಲ್ ತಲೆಗಳು ಮದುವೆ ಊಟದ ಪಂಕ್ತಿಯಲ್ಲಿ ನೂಕುನುಗ್ಗಲಾದ ಹಾಗೆ ಸೊಟ್ಟಸೊಟ್ಟ.

ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರ ಇಟ್ಟು ಅಳೆದೆವು. ಹನ್ನೊಂದು ಪೈಲು ಸರಿದಿದ್ದವು. ಎಲ್ಲಕ್ಕಿಂತ ಹೆಚ್ಚು ಸರಿದದ್ದು 260 ಮಿಲಿಮೀಟರ್. ಒಂದು ಮೀಟರ್ ದಪ್ಪದ ಪೈಲಿಗೆ ಕೋಡಿನಲ್ಲಿ ಬಿಟ್ಟಿರುವುದು 100.

ಮೊದಲು ಗುಡ್ಡೆ ತೆಗೆಯಬೇಕು. ಅದನ್ನೂ ಅವಸರದಲ್ಲಿ ಅಲ್ಲ, ಮೇಲಿನಿಂದ ಪದರ ಪದರವಾಗಿ. ಆವತ್ತು ಸಂಜೆ ಬಾಸ್ ನನಗೆ ಒಂದು ಫೋಟೋ ತೋರಿಸಿದರು. 2009ರ ಜೂನ್ 27ರಂದು ಶಾಂಘೈನಲ್ಲಿ ಹದಿಮೂರು ಮಹಡಿಯ ಕಟ್ಟಡವೊಂದು ಇಡಿಯಾಗಿ ಮಗ್ಗುಲಿಗೆ ಮಲಗಿದ ಚಿತ್ರ. ಒಂದು ಬದಿ ನೆಲಮಾಳಿಗೆಗಾಗಿ 4.6 ಮೀಟರ್ ಗುಂಡಿ, ಇನ್ನೊಂದು ಬದಿ ಹತ್ತಿರಹತ್ತಿರ 10 ಮೀಟರ್ ಮಣ್ಣಿನ ಗುಡ್ಡೆ. ಪೈಲುಗಳು ಕಡ್ಡಿಯಂತೆ ಮುರಿದಿದ್ದವು. ಒಬ್ಬ ಕಾರ್ಮಿಕ ಸತ್ತ. "ನಮ್ಮದು ಅದರ ಮರಿ" ಎಂದರು ಬಾಸ್.

ಗುತ್ತಿಗೆದಾರನನ್ನು ಎಲ್ಲರೂ ಬೈದರು. ನಾನೂ ಬೈದೆ. ಆದರೆ ರಾತ್ರಿ ರೂಮಿಗೆ ಬಂದು ಡ್ರಾಯಿಂಗ್ ತೆಗೆದು ನೋಡಿದೆ. ಗುಂಡಿಯ ಆಳ ಇತ್ತು, ಅಗಲ ಇತ್ತು, ಇಳಿಜಾರು ಇತ್ತು. ತೆಗೆದ ಮಣ್ಣನ್ನು ಇಷ್ಟು ದೂರದೊಳಗೆ ಹಾಕಬಾರದು ಎಂಬ ಒಂದು ಸಾಲು ಇರಲಿಲ್ಲ. ಮೂರು ಮೀಟರ್ ಗುಡ್ಡೆಯ ಲೆಕ್ಕ ನನ್ನ ತಲೆಯಲ್ಲಿತ್ತು. ರಾತ್ರಿ ಪಾಳಿಯ ಜೆಸಿಬಿ ಹುಡುಗನ ತಲೆಯಲ್ಲಿ ಅದು ಹೇಗಿರುತ್ತದೆ? ಮರುದಿನ ಆ ಸಾಲನ್ನು ಇಂಗ್ಲಿಷ್, ಹಿಂದಿ, ಮರಾಠಿ, ಕನ್ನಡದಲ್ಲಿ ದೊಡ್ಡದಾಗಿ ಬೋರ್ಡ್ ಬರೆಸಿ ನಿಲ್ಲಿಸಿದೆ.

ಆಮೇಲಿನ ಎರಡು ತಿಂಗಳು ರಿಪೇರಿ. ಪೈಲಿನ ತಲೆಗೆ ಸಣ್ಣ ಸುತ್ತಿಗೆಯಿಂದ ಹೊಡೆದು, ಆ ಅಲೆ ತಳಕ್ಕೆ ಹೋಗಿ ಬರುವುದನ್ನು ಯಂತ್ರದಲ್ಲಿ ನೋಡುತ್ತಾರೆ. ನಡುವೆ ಬಿರುಕಿದ್ದರೆ ಅಲೆ ಅಲ್ಲಿಂದಲೇ ವಾಪಸ್ ಬರುತ್ತದೆ. ಕಾಕಾ ಕಿವಿಯಲ್ಲಿ ಮಾಡುತ್ತಿದ್ದದ್ದನ್ನು ಇದು ಪರದೆಯ ಮೇಲೆ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ನಾಲ್ಕು ಪೈಲುಗಳಲ್ಲಿ ಒಂದೇ ಆಳದಿಂದ ಅಲೆ ತಿರುಗಿ ಬಂತು. ಮೆತ್ತನೆ ಜೇಡಿ ಮುಗಿದು ಗಟ್ಟಿ ಮಣ್ಣು ಶುರುವಾಗುವ ಜಾಗ ಅದು. ಮೇಲ್ಭಾಗ ಸರಿದಿದೆ, ಕೆಳಭಾಗ ಕಲ್ಲಿನಲ್ಲಿ ಸಿಕ್ಕಿಕೊಂಡಿದೆ. ಮುರಿಯದೆ ಏನು ಮಾಡೀತು? ಆ ನಾಲ್ಕನ್ನು ಕೈಬಿಟ್ಟೆವು. ಆರು ಹೊಸ ಪೈಲು ಹಾಕಿ, ಕ್ಯಾಪ್‌ಗಳನ್ನು ದೊಡ್ಡದು ಮಾಡಿ, ತೊಲೆಗಳಿಂದ ಒಂದಕ್ಕೊಂದು ಕಟ್ಟಿದೆವು. ಖರ್ಚು ಯಾರದು ಎಂಬ ಜಗಳ ನನ್ನ ಮಟ್ಟಕ್ಕಿಂತ ಮೇಲೆ ಹೋಯಿತು, ಅಲ್ಲೇ ಉಳಿಯಿತು.

ಈಗ ಮೈದಾನ. ನನ್ನ ಪಟ್ಟಿಯ ಮೊದಲನೆಯದು.

ಮೈದಾನ ಇಡೀ ಒಂದಡಿ ಒಟ್ಟಿಗೆ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆಟಗಾರರೂ ಇಳಿಯುತ್ತಾರೆ, ಹುಲ್ಲೂ ಇಳಿಯುತ್ತದೆ. ತೊಂದರೆ ಬರುವುದು ಒಂದು ಬದಿ ಇಳಿದು ಇನ್ನೊಂದು ಬದಿ ನಿಂತರೆ. ಹುಲ್ಲಿನ ಕೆಳಗೆ ಮರಳು, ಅದರ ಕೆಳಗೆ ತೂತಿನ ಪೈಪುಗಳು ಇನ್ನೂರಕ್ಕೆ ಒಂದರ ಇಳಿಜಾರಿನಲ್ಲಿ ಮಲಗಿರುತ್ತವೆ. ಅಂದರೆ ಹತ್ತು ಮೀಟರಿಗೆ ಬರೀ ಐದು ಸೆಂಟಿಮೀಟರ್. ಜೇಡಿ ಒಂದು ಕಡೆ 7, ಇನ್ನೊಂದು ಕಡೆ 14 ಮೀಟರ್ ಇರುವಾಗ ಆ ಐದು ಸೆಂಟಿಮೀಟರ್ ಎಷ್ಟು ದಿನ ಉಳಿದೀತು? ಇಳಿಜಾರು ತಿರುಗಿದರೆ ನೀರು ಹಿಂದಕ್ಕೆ ಬರುತ್ತದೆ. ಇದು ಮುಂಬೈ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಊರು. ಮೇಲಿಂದ ಉಬ್ಬರದ ಹೊತ್ತು ಬೇರೆ. ಖಾಡಿಯ ನೀರು ಒಳಗೆ ಬಾರದಂತೆ ಹೊರಗಾಲುವೆಯ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಒಳಗಿನ ಮಳೆ ನೀರು ಅದು ತೆರೆಯುವ ತನಕ ಹೊಂಡದಲ್ಲಿ ಕಾಯಬೇಕು.

ಪರಿಹಾರ ಹಳೆಯದೇ. ಇಳಿಯುವುದನ್ನು ಮೊದಲೇ ಇಳಿಸಿಬಿಡುವುದು. ಶ್ರೀಖಂಡ ಮಾಡಲು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಮೇಲೆ ಕಲ್ಲಿಡುತ್ತೇವಲ್ಲ, ಹಾಗೆ. ಮೈದಾನದ ಮೇಲೆ ಮಣ್ಣು ಪೇರಿಸಿ ಕಾಯಬೇಕು, ಜೇಡಿಯೊಳಗಿನ ನೀರು ಹೊರಗೆ ಬರಬೇಕು. ಆದರೆ ಈ ಮೊಸರಿನ ಗಂಟು 12 ಮೀಟರ್ ದಪ್ಪ. ನೀರು ಮೇಲಕ್ಕೋ ಕೆಳಕ್ಕೋ ಆರು ಮೀಟರ್ ನಡೆಯಬೇಕು. ದಾರಿ ಎರಡು ಪಟ್ಟಾದರೆ ಹೊತ್ತು ನಾಲ್ಕು ಪಟ್ಟು. ನಮ್ಮ ಲೆಕ್ಕಕ್ಕೆ ಮೂವತ್ತು ವರ್ಷ ಬಂತು. ಅದಕ್ಕೇ ಪಿವಿಡಿ ಪಟ್ಟಿಗಳು. ನಾಲ್ಕು ಬೆರಳು ಅಗಲದ, ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ. ಅದನ್ನು ಯಂತ್ರದಿಂದ ಜೇಡಿಯ ತಳದವರೆಗೂ ಚುಚ್ಚುತ್ತಾರೆ, 1.2 ಮೀಟರಿಗೊಂದರಂತೆ. ಈಗ ನೀರು ಆರು ಮೀಟರ್ ಬದಲು ಅರ್ಧ ಮುಕ್ಕಾಲು ಮೀಟರ್ ಅಡ್ಡ ನಡೆದರೆ ಸಾಕು, ಪಟ್ಟಿ ಹಿಡಿದು ಮೇಲೆ ಬರುತ್ತದೆ. ಮೂವತ್ತು ವರ್ಷ ಒಂಬತ್ತು ಹತ್ತು ತಿಂಗಳಿಗೆ ಇಳಿಯಿತು.

ಮಣ್ಣನ್ನು ಒಂದೇ ಸಲ ಪೇರಿಸುವಂತಿಲ್ಲ, ಮೂರು ಮೀಟರ್ ಗುಡ್ಡೆ ಏನು ಮಾಡುತ್ತದೆಂದು ನೋಡಿದ್ದೆವಲ್ಲ. ಮೊದಲು ಎರಡು ಮೀಟರ್, ಜೇಡಿ ಗಟ್ಟಿಯಾದ ಮೇಲೆ ಇನ್ನೊಂದೂವರೆ. ನೆಲದ ಮೇಲೆ ಉಕ್ಕಿನ ತಟ್ಟೆ ಇಟ್ಟು, ಅದಕ್ಕೆ ರಾಡು ನಿಲ್ಲಿಸಿ, ದಿನಾ ಅದರ ತಲೆಯ ಮಟ್ಟ ಓದುವುದು. ಡಂಪರ್ ಚಾಲಕರಿಗೆ ಆ ರಾಡುಗಳ ಮೇಲೆ ಏನು ಸಿಟ್ಟೋ, ನಲವತ್ತರಲ್ಲಿ ಹದಿಮೂರನ್ನು ಬೀಳಿಸಿದರು. ಉಳಿದವುಗಳಿಗೆ ಕೆಂಪು ಬಣ್ಣದ ಡ್ರಮ್ ಸುತ್ತಿಸಿದೆ. ಡ್ರಮ್ಮುಗಳು ಕಳುವಾದವು.

ಮೊದಲ ತಿಂಗಳು ಖಾಡಿ ಬದಿ 24 ಸೆಂಟಿಮೀಟರ್ ಇಳಿಯಿತು. ಪಟ್ಟಿಗಳ ಬಾಯಿಯಿಂದ ಮರಳಿಗೆ ಜಿನುಗಿದ ನೀರು ಅಂಚಿನ ಕಾಲುವೆಯಲ್ಲಿ ಹರಿಯುತ್ತಿತ್ತು. ಉಪ್ಪುಪ್ಪು ವಾಸನೆ. ಎಷ್ಟು ಸಾವಿರ ವರ್ಷ ಒಳಗಿದ್ದ ನೀರೋ. ಅದನ್ನು ನೋಡುತ್ತಾ ನಿಲ್ಲುವುದು ನನಗೆ ಛಾವಣಿಗಿಂತ ಹೆಚ್ಚು ಇಷ್ಟವಾಗತೊಡಗಿತು. ಇದನ್ನು ಗೆಳತಿಗೆ ಹೇಳಲಿಲ್ಲ.

ಆರನೇ ತಿಂಗಳು ಒತ್ತಡ ಶುರುವಾಯಿತು. ಮೇ ತಿಂಗಳು, ಮಳೆ ಎದುರಿಗಿದೆ. ಮಣ್ಣು ತೆಗೆಯಿರಿ, ಪೈಪು ಹಾಕಬೇಕು, ಹುಲ್ಲು ನೆಡಬೇಕು ಅಂತ. ಖಾಡಿ ಬದಿ ಆಗ 86 ಸೆಂಟಿಮೀಟರ್ ಇಳಿದಿತ್ತು. ಇನ್ನೆಷ್ಟು ಉಳಿದಿದೆ ಎಂದು ಹೇಳಲು ಅಸಾವೋಕಾ ಎಂಬ ಜಪಾನಿ ಎಂಜಿನಿಯರ್ 1978ರಲ್ಲಿ ಕೊಟ್ಟ ಸರಳ ದಾರಿ ಇದೆ. ಸಮ ಅಂತರದ ದಿನಗಳ ಓದನ್ನು ತೆಗೆದುಕೊಂಡು, ಇಂದಿನದನ್ನು ಹಿಂದಿನದರ ಎದುರು ಗ್ರಾಫಿನಲ್ಲಿ ಇಡುವುದು. ಚುಕ್ಕೆಗಳು ಒಂದು ಗೆರೆಯಲ್ಲಿ ಬರುತ್ತವೆ. ಆ ಗೆರೆ 45 ಡಿಗ್ರಿ ಗೆರೆಯನ್ನು ಮುಟ್ಟುವ ಕಡೆ ಇಳಿತ ನಿಲ್ಲುತ್ತದೆ. ನಮ್ಮದು ಮುಟ್ಟಿದ್ದು 112ರಲ್ಲಿ. ಅಂದರೆ ಇನ್ನೂ 26 ಸೆಂಟಿಮೀಟರ್ ಬಾಕಿ.

ಮೀಟಿಂಗಿನಲ್ಲಿ ಹದಿನಾಲ್ಕು ಜನ. ಗ್ರಾಫ್ ತೋರಿಸಿದೆ. ಒಬ್ಬ ದೊಡ್ಡ ಮನುಷ್ಯರು, "ಇಪ್ಪತ್ತಾರು ಸೆಂಟಿಮೀಟರ್ ಅಂದ್ರೆ ಎಷ್ಟು, ಇಷ್ಟು ತಾನೆ?" ಎಂದು ಕೈ ಅಗಲಿಸಿ ತೋರಿಸಿದರು. ಪೈಪಿನ ಇಳಿಜಾರು ಇಷ್ಟು ಎಂದು ನಾನು ಎರಡು ಬೆರಳು ತೋರಿಸಿದೆ. ಬಾಸ್ ಕೆಮ್ಮಿದರು. ಕೊನೆಗೆ ರಸ್ತೆ ಬದಿಯಲ್ಲಿ, ಇಳಿತ ಮುಗಿದಿದ್ದ ಕಡೆ, ಮಣ್ಣು ತೆಗೆಯುವುದು ಎಂದಾಯಿತು. ಖಾಡಿ ಬದಿಯದು ಮಳೆಗಾಲ ಮುಗಿಯುವ ತನಕ ಇರಲಿ. ನಾಲ್ಕು ತಿಂಗಳು ತಡ. ವಾಟ್ಸಾಪ್ ಗುಂಪಿನಲ್ಲಿ ನನ್ನ ಮೇಲೆ ಬಂದ ಜೋಕುಗಳನ್ನು ಇಲ್ಲಿ ಬರೆಯಲಾರೆ.

ಗೆದ್ದದ್ದು ಅದೊಂದೇ. ಗೇಟಿನ ಮುಂದಿನ ಅಂಗಳದಲ್ಲಿ ಸೋತೆ. ಅಲ್ಲಿಗೂ ಪಿವಿಡಿ ಬೇಕೆಂದಿದ್ದೆ, ಉಳಿತಾಯದ ಹೆಸರಿನಲ್ಲಿ ಅದನ್ನು ಹೊಡೆದುಹಾಕಿದರು. ಒಂದು ಕಡೆ ಪೈಲಿನ ಮೇಲೆ ನಿಂತ ಸ್ಟೇಡಿಯಂ, ಅದು ಅಲುಗುವುದಿಲ್ಲ. ಅದಕ್ಕೆ ಅಂಟಿಕೊಂಡೇ ಇಳಿಯುವ ನೆಲ. ನಡುವೆ ಒಂದು ದಿನ ಮೆಟ್ಟಿಲು ಹುಟ್ಟಿಯೇ ಹುಟ್ಟುತ್ತದೆ. ಮ್ಯಾಚ್ ಮುಗಿದು ಜನ ಒಮ್ಮೆಲೇ ಹೊರಗೆ ಬರುವ ಜಾಗ ಅದು, ಕತ್ತಲಲ್ಲಿ ಎಡವಿದರೆ ಒಬ್ಬರ ಮೇಲೊಬ್ಬರು. ಜಗಳ ಮಾಡಿ ಕಡೆಗೆ ಪಡೆದದ್ದು ಐದು ಮೀಟರ್ ಉದ್ದದ ಸ್ಲ್ಯಾಬುಗಳು. ಒಂದು ತುದಿ ಕಟ್ಟಡದ ತೊಲೆಯ ಮೇಲೆ ಬಾಗಿಲಿನ ಕೀಲಿನಂತೆ ಕೂತಿದೆ. ಇನ್ನೊಂದು ತುದಿ ನೆಲದ ಮೇಲೆ. ನೆಲ ಇಳಿದರೆ ಸ್ಲ್ಯಾಬ್ ಮೆಲ್ಲಗೆ ಓರೆಯಾಗುತ್ತದೆ, ಮೆಟ್ಟಿಲು ಆಗುವುದಿಲ್ಲ. ಪೈಪುಗಳಿಗೆ ಬಾಗುವ ಜೋಡಣೆ ಹಾಕಿಸಿದೆ. ಕಟ್ಟಡದ ಕೆಳಗಿನ ಪೈಪುಗಳನ್ನು ಮಣ್ಣಿನ ಮೇಲೆ ಮಲಗಿಸದೆ, ಸ್ಲ್ಯಾಬಿನಿಂದ ಕೊಕ್ಕೆ ಹಾಕಿ ನೇತಾಡಿಸಿದೆವು. ಒಂದು ಗೇಟಿಗೆ ಮಾತ್ರ ಜಾಗ ಸಾಲಲಿಲ್ಲ ಎಂದು ಸ್ಲ್ಯಾಬನ್ನು ಎರಡು ಮೀಟರಿಗೆ ಇಳಿಸಿದರು. ಪೂರ್ವದ ಗೇಟು. ನಾನು ಒಪ್ಪಿಗೆ ಇಲ್ಲ ಎಂದು ಬರೆದು ಸಹಿ ಹಾಕಿದೆ.

ಸ್ಟೇಡಿಯಂ ಮುಗಿದು ಮೂರನೇ ಮಳೆಗಾಲದಲ್ಲಿ ಮತ್ತೆ ಹೋಗಿದ್ದೆ. ಆಗಸ್ಟ್, ಬೆಳಗ್ಗೆಯಿಂದ ಸುರಿಯುತ್ತಿತ್ತು. ಕಾವಲಿನವರಿಗೆ ನನ್ನ ಗುರುತು ಸಿಗಲಿಲ್ಲ, ಹಳೆಯ ಐಡಿ ಕಾರ್ಡ್ ತೋರಿಸಿ ಒಳಗೆ ಹೋದೆ. ಮೈದಾನದಲ್ಲಿ ನೀರು ನಿಂತಿರಲಿಲ್ಲ. ಖಾಡಿ ಬದಿಯ ಚೇಂಬರಿನ ಮುಚ್ಚಳ ಎತ್ತಿಸಿ ನೋಡಿದೆ, ಪೈಪಿನ ಬಾಯಿಂದ ನೀರು ಸರಿಯಾದ ದಿಕ್ಕಿಗೇ ಬೀಳುತ್ತಿತ್ತು. ಕೊಡೆ ಹಿಡಿದುಕೊಂಡು ಅಲ್ಲೇ ಸ್ವಲ್ಪ ಹೊತ್ತು ನಿಂತೆ.

ಆಮೇಲೆ ಪೂರ್ವದ ಗೇಟಿಗೆ ಹೋದೆ. ಎರಡು ಮೀಟರಿನ ಸ್ಲ್ಯಾಬ್ ಕಡಿದಾಗಿ ಓರೆಯಾಗಿತ್ತು. ಅದರ ತುದಿಯಲ್ಲಿ ಭೇಲ್ ಮಾರುವವನೊಬ್ಬ ಗಾಡಿ ಉರುಳದಂತೆ ಚಕ್ರಕ್ಕೆ ಇಟ್ಟಿಗೆ ಕೊಟ್ಟು ನಿಂತಿದ್ದ. "ಮೊದಲು ಇಟ್ಟಿಗೆ ಬೇಕಿರಲಿಲ್ಲವಾ?" ಎಂದು ಕೇಳಿದೆ. ಹೋದ ವರ್ಷದಿಂದ ಬೇಕಾಗಿದೆ ಎಂದ.

ಟೇಪು ತೆಗೆದು ಅಳೆದೆ. 94 ಮಿಲಿಮೀಟರ್ ಇಳಿದಿತ್ತು. ಫೋಟೋ ತೆಗೆದು ಕಾಕಾಗೆ ಕಳಿಸಿದೆ. ಅವರು ಆಗ ಗೋವಾದಲ್ಲಿ, ಯಾವುದೋ ಸೇತುವೆಯ ಪೈಲಿಂಗಿನಲ್ಲಿದ್ದರು. ಅರ್ಧ ಗಂಟೆ ಬಿಟ್ಟು ವಾಯ್ಸ್ ಮೆಸೇಜ್ ಬಂತು, ಹಿಂದೆ ರಿಗ್ಗಿನ ಸದ್ದು. "ಇನ್ನೂ ಇಳೀತೈತ್ರಿ ಅಕ್ಕಾರ, ಆ ಭೇಲ್‌ನವಗ ಇನ್ನೊಂದ್ ಇಟ್ಟಂಗಿ ಇಟ್ಕೊಳಾಕ ಹೇಳ್ರಿ."